ಎರಡು ಬೆರಳು ಗಿಡ್ಡ

ಕುಲುಮೆಯಿಂದ ಹೊರಬಿದ್ದಾಗ ನನ್ನ ಉದ್ದ ಮೂವತ್ತಮೂರು ಅಡಿ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ನಾನು ಭೂಮಿ ಅಳೆಯುವ ಸರಪಳಿ. ನೆಲದ ಮೇಲೆ ಎಳೆಸಿಕೊಳ್ಳುವುದೇ ನನ್ನ ಬಾಳು. ಮನುಷ್ಯರ ಮುಖಕ್ಕಿಂತ ಅವರ ಹಿಮ್ಮಡಿಗಳ ಪರಿಚಯವೇ ನನಗೆ ಹೆಚ್ಚು.

ಮೊದಲು ನನ್ನನ್ನು ಹಿಡಿದವನು ಹುಲಿಗೆಪ್ಪ. ಬಳ್ಳಾರಿ ಸೀಮೆಯ ಒಂದು ಗುಡ್ಡದಿಂದ ದಕ್ಷಿಣಕ್ಕೆ ನಾನೂರು ಸರಪಳಿ ಅಳೆದು ಗಡಿಕಲ್ಲು ನೆಡಬೇಕಿತ್ತು. ಮೊದಲ ಎಳೆತಕ್ಕೇ ಬಂಡೆಯ ಸಂದಿಗೆ ಸಿಕ್ಕಿ ನನ್ನದೊಂದು ಕೊಂಡಿ ಮುರಿಯಿತು. ಮೇಲಿನವರು ಬೈದಾರೆಂದು ಹೆದರಿ ಅವನು ಉಳಿದೆರಡು ತುದಿಗಳನ್ನು ಕಲ್ಲಿನಿಂದ ಬಡಿದು ಕೂಡಿಸಿಬಿಟ್ಟ.

"ಎರಡು ಬಳ್ಳು ಗಿಡ್ಡಾದ್ರೆ ಯಾರಪ್ಪನ ಗಂಟು ಹೋಗ್ತೈತಿ?"

ನಾನೂರು ಸಲ ಎರಡೆರಡು ಬೆರಳು. ಕಲ್ಲು ಐವತ್ತು ಅಡಿ ಮೊದಲೇ ನಿಂತಿತು. ಪುಸ್ತಕದಲ್ಲಿ ಮಾತ್ರ ನಾನೂರು ಸರಪಳಿ ಎಂದೇ ಬರೆದರು.

ಹುಲಿಗೆಪ್ಪ ತೀರಿಕೊಂಡ ಮೇಲೆ ವೆಂಕೋಬರಾಯರ ಕೈಸೇರಿದೆ. ಅಚ್ಚುಕಟ್ಟಿನ ಮನುಷ್ಯರು. ನನ್ನ ಗಿಡ್ಡತನ ಕಂಡದ್ದೇ ತಡ, ಹೊಸ ಕೊಂಡಿ ಹಾಕಿಸಿದರು. ಆದರೆ ಅದನ್ನು ಎಲ್ಲಿಯೂ ಬರೆದಿಡಲಿಲ್ಲ. ಮುಂದೆ ಅವರೂ ಹೋದರು. ವಿಷಯ ಗೊತ್ತಿದ್ದುದು ಇನ್ನು ನನಗೊಂದಕ್ಕೇ.

ಎಷ್ಟೋ ವರ್ಷಗಳ ಮೇಲೆ ಎರಡು ರಾಜ್ಯಗಳ ಸರ್ವೆಯರುಗಳು ಆ ಗಡಿಗೆರೆಯನ್ನು ಹುಡುಕಿಕೊಂಡು ಬಂದರು. ಪುಸ್ತಕದ ನಾನೂರು ಸರಪಳಿಗೆ ಯಂತ್ರ ತೋರಿಸಿದ ಜಾಗ ಕಲ್ಲಿನಿಂದ ಐವತ್ತು ಅಡಿ ದಕ್ಷಿಣಕ್ಕೆ, ಅಲ್ಲೇ ವಾಸವಿದ್ದ ಸುಂಕಮ್ಮನ ಮನೆ ದಾಟಿ ಹಿತ್ತಲಲ್ಲಿತ್ತು. ಗೆರೆಯ ಉತ್ತರಕ್ಕೆ ಪಕ್ಕದ ರಾಜ್ಯದ ಮೀಸಲು ಕಾಡು. ಗೆರೆ ಸರಿದರೆ ಮನೆ ಕಾಡಿಗೆ ಸೇರುತ್ತದೆ; ಕೆಡವಲೇಬೇಕು.

"ಕಲ್ಲಿಗೆ ಕಾಲು ಬಂದು ನಡೀತೇನಮ್ಮಾ?" ಎಂದ ಆ ಕಡೆಯ ಸರ್ವೆಯರು ಓಬುಳೇಶು.

"ಮೂರಾಳಿನ ತೂಕ ಐತೋ ಯಪ್ಪಾ ಅದು! ನಾನೇನು ಭೀಮನ ತಂಗೀನಾ? ನಮ್ಮತ್ತಿ ಮದಿವ್ಯಾಗಿ ಬಂದಾಗ್ಲೂ ಅಲ್ಲೇ ಇತ್ತು."

ನಮ್ಮ ಕಡೆಯ ಗಾದಿಲಿಂಗಪ್ಪ ಅವಳ ಮಾತು ನಂಬಿದ. "ಅವತ್ತಿನ ಸರಪಳೀನೇ ತಪ್ಪಿದ್ರೆ? ಅದ್ರ ನಂಬರು ಪುಸ್ತಕದಾಗೈತಿ, ತರ್ಸೋಣ. ಗಿಡ್ಡಿದ್ರೆ ಕಲ್ಲು ಇದ್ದಲ್ಲೇ ಇರ್ಲಿ. ಏನಂತೀರಿ?"

ಓಬುಳೇಶು ಒಪ್ಪಿದ.

ನನ್ನನ್ನು ತಂದು ಅವಳ ಅಂಗಳದಲ್ಲೇ ಹಾಸಿದರು. ಪಕ್ಕದಲ್ಲಿ ಉಕ್ಕಿನ ಟೇಪು. ಸುಂಕಮ್ಮ ಕುಕ್ಕರಗಾಲಿನಲ್ಲಿ ಕೂತು ಸೆರಗಿನಿಂದ ನನ್ನ ಧೂಳು ಒರೆಸಿದಳು.

"ನೀನಾದ್ರೂ ಖರೇ ಹೇಳವ್ವಾ."

ನಾನು ಕುಗ್ಗಲು ಒದ್ದಾಡಿದೆ. ಕೊಂಡಿ ಕೊಂಡಿಯನ್ನೂ ಬಿಗಿಹಿಡಿದೆ. ಆದರೆ ನಾನು ಕಬ್ಬಿಣ. ಬಿಸಿಲಿಗೆ ಹಿಗ್ಗುವುದೊಂದೇ ಗೊತ್ತು. ಗಾದಿಲಿಂಗಪ್ಪ ಎರಡು ಸಲ ಎಳೆದು ನೋಡಿದ. ಮೂವತ್ತಮೂರು ಅಡಿ. ಅವನು ಅವಳ ಕಡೆ ತಿರುಗಲಿಲ್ಲ.

"ಸರಿಯಾಗೈತಿ," ಎಂದ, ನೆಲಕ್ಕೆ.

ಆ ಕಲ್ಲು ಕೀಳಲು ಐದು ಜನ ಬೇಕಾಯಿತು. ಏದುಸಿರು ಬಿಡುತ್ತ ನಿಂತ ಅವರಲ್ಲಿ ಒಬ್ಬನಿಗೂ ಏನೂ ಹೊಳೆಯಲಿಲ್ಲ. ಸುಂಕಮ್ಮ ಒಲೆಯ ಮೇಲಿದ್ದ ಗಡಿಗೆ ಇಳಿಸಿ ಹೊರಗೆ ತಂದಿಟ್ಟಳು.

ಈಗ ದಾಖಲೆ ಕೋಣೆಯ ಗೂಟಕ್ಕೆ ತೂಗುತ್ತಿದ್ದೇನೆ. ಇಲ್ಲಿಗೆ ಯಾರೂ ಬರುವುದಿಲ್ಲ. ನನ್ನ ಹಿತ್ತಾಳೆ ಹಿಡಿಗೆ ಒಂದು ಚೀಟಿ ಕಟ್ಟಿದ್ದಾರೆ: 'ಪರೀಕ್ಷಿಸಲಾಗಿದೆ. ನಂಬಬಹುದು.'