ಗುಂಡಿಗೆ ಇಳಿಯುವ ಪಾಠ

"ನೀವು ಏರಿಸಿರೋದ್ರಲ್ಲಿ ಈ ಸಾಲೇ ಇಲ್ವಲ್ಲ ಮೇಡಂ," ಎಂದ ಪಕ್ಕದ ಮೇಜಿನ ಸಹೋದ್ಯೋಗಿ.

ಅವಳು ಅವನ ಕಂಪ್ಯೂಟರಿನತ್ತ ಬಗ್ಗಿದಳು. ಎಡಕ್ಕೆ, ನೋಡಿ ಹೇಳಿ ಎಂದು ಹಿಂದೆಯೇ ಅವಳು ಬರೆದು ಅವನಿಗೆ ಕಳಿಸಿದ್ದ ಲಿಫ್ಟ್ ರಿಪೇರಿಯ ಪಾಠ. ಬಲಕ್ಕೆ, ನಿನ್ನೆ ಸರ್ವರ್ ಕೆಟ್ಟ ಮೇಲೆ ಅವಳೇ ಬ್ಯಾಕಪ್‌ನಿಂದ ತೆಗೆದು ಮತ್ತೆ ಏರಿಸಿದ್ದ ಅದೇ ಪಾಠ. ಎರಡೂ ಬರೀ ಅಕ್ಷರ, ಚಿತ್ರವಿಲ್ಲ, ಬಣ್ಣವಿಲ್ಲ. ಹೋಲಿಸಿ ನೋಡುವ ಪ್ರೋಗ್ರಾಂ ಎಡಗಡೆಯ ಒಂದೇ ಸಾಲಿಗೆ ಹಸಿರು ಬಳಿದಿತ್ತು: ಲಿಫ್ಟಿನ ಅಡಿಯ ಗುಂಡಿಗೆ ಇಳಿಯುವ ಮೊದಲು ಬಾಗಿಲ ಪಕ್ಕದ ಕೆಂಪು ಸ್ಟಾಪ್ ಸ್ವಿಚ್ ಒತ್ತಿ.

ಬ್ಯಾಕಪ್ ಮಾಡಿಟ್ಟ ಮೇಲೆ ಆ ಸಾಲನ್ನು ಸೇರಿಸಿದ್ದು ಅವಳೇ. ಸೇರಿಸಿದ ಮೇಲೆ ಮತ್ತೆ ಬ್ಯಾಕಪ್ ಮಾಡಿರಲಿಲ್ಲ.

"ಹೋಗ್ಲಿ ಬಿಡಿ, ಈಗ ಸೇರಿಸಿದ್ರಾಯ್ತು. ನಾನು ಮಾಡೋ ವೀಡಿಯೋ ಆಗಿದ್ರೆ ಇಡೀ ದಿನ ಬಲಿ. ನಿಮ್ಮದು ಅಕ್ಷರ ತಾನೆ, ಚಿಟಿಕೆ ಹೊಡೆಯೋದ್ರಲ್ಲಿ ಮುಗೀತು."

ಅವಳಾಗಲೇ ಸಾಲು ಸೇರಿಸಿ ಏರಿಸಿಯೂ ಆಗಿತ್ತು. ಆದರೆ ಇಳಿಸಿಕೊಂಡ ಪ್ರತಿ ತಾನಾಗಿ ಬದಲಾಗುವುದಿಲ್ಲ. ಗುಂಡಿಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಪಾಠವನ್ನು ಫೋನಿಗೆ ಇಳಿಸಿಕೊಂಡೇ ಕೆಲಸಕ್ಕೆ ಹೋಗಿ ಎಂದು ಎಲ್ಲರಿಗೂ ಹೇಳಿದವಳೂ ಅವಳೇ. ಬೆಳಿಗ್ಗೆ ಅವಳ ಕಣ್ಣೆದುರಿಗೇ ಇಳಿಸಿಕೊಂಡು ಹೋಗಿದ್ದವನು ಅವಳ ತಮ್ಮ. ಮೂವತ್ತು ದಾಟಿದ ಮೇಲೆ ಹೋಟೆಲ್ ಕೆಲಸ ಬಿಟ್ಟು ಈ ಕಸುಬಿಗೆ ಬಂದವನು, ಇಂದು ಮೊದಲ ಸಲ ಒಬ್ಬನೇ ಹೊರಟಿದ್ದ. "ನೀನು ಬರೆದಿರೋದು ಬಿಟ್ಟು ಒಂದು ಸ್ಕ್ರೂ ಹೆಚ್ಚಿಗೆ ತಿರುಗಿಸಲ್ಲ ಕಣೇ ಅಕ್ಕ," ಎಂದು ನಕ್ಕು, ಬೇಕಾದರೆ ಇರಲಿ ಎಂದು ಆ ಕಟ್ಟಡದ ವಾಚ್‌ಮನ್ ನಂಬರ್ ಕೊಟ್ಟಿದ್ದ.

ತಮ್ಮನ ಫೋನು ಸಿಗಲಿಲ್ಲ. ವಾಚ್‌ಮನ್ ಎತ್ತಿದ.

"ಲಿಫ್ಟ್ ರಿಪೇರಿಯವನ ಅಕ್ಕ ಮಾತಾಡ್ತಿರೋದು. ಅವನೆಲ್ಲಿ?"

"ಗುಂಡೀಲಿದಾರೆ ತಾಯಿ. ಬಾಗಿಲಿಗೆ ಮರದ ತುಂಡು ಸಿಕ್ಕಿಸಿ ಇಳಿದಿದ್ರು. ಮಕ್ಕಳು ಬಿದ್ದುಗಿದ್ದಾರು ಅಂತ ನಾನೇ ಈಗ ತುಂಡು ತೆಗ್ದೆ. ಬಾಗಿಲು ಮುಚ್ಚೋಷ್ಟರಲ್ಲಿ ನಿಮ್ಮ ಫೋನು."

ಬಾಗಿಲು ತೆರೆದಿರುವವರೆಗೆ ಲಿಫ್ಟ್ ಅಲ್ಲಾಡದು. ಮುಚ್ಚಿಕೊಂಡರೆ, ಸ್ವಿಚ್ಚನ್ನೂ ಒತ್ತಿರದಿದ್ದರೆ, ಮೇಲಿನಿಂದ ನೇರ ಅವನ ತಲೆಯ ಮೇಲೆ.

"ಮುಚ್ಚಬೇಡಿ!"

"ಇಲ್ಲಮ್ಮಾ, ಕಾಲು ಕೊಟ್ಟು ನಿಂತಿದೀನಿ. ಆದ್ರೆ ಐದನೇ ಮಹಡಿಯೋರು ಆಗಿಂದ ಬಟನ್ ಒತ್ತಿ ಒತ್ತಿ ಕೂಗಾಡ್ತಿದಾರೆ..."

"ಕೂಗಾಡ್ಲಿ. ಕಾಲು ಮಾತ್ರ ತೆಗೀಬೇಡಿ. ಫೋನನ್ನ ಅವನ ಹತ್ತಿರ ಹಿಡೀರಿ, ನಿಮ್ಮ ದಮ್ಮಯ್ಯ."

ಗರಗರ ಸದ್ದು. ಆಮೇಲೆ ಆಳದಿಂದ ಬಂದಂತೆ ತಮ್ಮನ ದನಿ: "ಏನೇ ಅಕ್ಕ, ಇಲ್ಲೂ ಹಾಜರಿ ತಗೋತೀಯಾ?"

"ಸ್ಟಾಪ್ ಸ್ವಿಚ್ ಒತ್ತಿದೀಯೇನೋ?"

"ಯಾವ ಸ್ವಿಚ್ಚು? ನಿನ್ನ ಪಾಠದಲ್ಲಿ ಇರಲಿಲ್ವಲ್ಲ."

ಸಹೋದ್ಯೋಗಿ ನೀರಿನ ಬಾಟಲಿಯನ್ನು ಅವಳತ್ತ ಸರಿಸಿದ. ಅವಳು ಮುಟ್ಟಲಿಲ್ಲ.

"ಬಾಗಿಲ ಪಕ್ಕ. ಕೆಂಪಗಿದೆ. ಒತ್ತು. ನನಗೆ ಕೇಳಿಸ್ಬೇಕು."

ತಮ್ಮ ಗುಂಡಿಯಿಂದ ಹತ್ತುವ ಸಪ್ಪಳ. ಬಳಿಕ ಟಕ್ ಎಂದಿತು.

"ಕೇಳಿಸ್ತಾ?"

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದೇ ಇದ್ದಳು. ಪಕ್ಕದಲ್ಲಿ ಸಹೋದ್ಯೋಗಿ ಎರಡೂ ಪಾಠಗಳನ್ನು ಮತ್ತೊಮ್ಮೆ ಹೋಲಿಸಿ ನೋಡಿದ. ಹಸಿರು ಎಲ್ಲೂ ಇರಲಿಲ್ಲ. ಎಡವೂ ಬಲವೂ ಒಂದೇ ಬಿಳುಪು.