ಟಾರು ನಿಂತ ಜಾಗ

"ಉಚ್ಚೆ ಹುಯ್ಯಕ್ಕೇ ಹುಟ್ಟಿದ್ಯೇನೇ ನೀನು? ಬೆಳಗ್ಗೆ ಒಂದ್ ಸಲ ಹೋಗಿದ್ಯಲ್ಲೇ!"

ಸೂಪರ್‌ವೈಸರ್ ಡ್ವೇನ್ ನನ್ನ ಬೆನ್ನ ಹಿಂದೆ ನಿಂತು ಇಡೀ ಸಾಲಿಗೆ ಕೇಳುವ ಹಾಗೆ ಕೂಗಿದ. ನಾನು ತಿರುಗಲಿಲ್ಲ. ತಿರುಗಿದರೆ ಒಂದು ಕೋಳಿ ತಪ್ಪುತ್ತದೆ, ತಪ್ಪಿದ ಕೋಳಿ ಪಕ್ಕದವಳ ಪಾಲಿಗೆ ಬೀಳುತ್ತದೆ, ಅವಳ ಮಣಿಕಟ್ಟು ಮೊದಲೇ ಊದಿಕೊಂಡಿದೆ. ಕೊಕ್ಕೆಗೆ ನೇತುಬಿದ್ದ ಕೋಳಿಗಳು ಬರುತ್ತಲೇ ಇದ್ದವು. ಚಾಕು ಹಾಕು, ರೆಕ್ಕೆಯ ಸಂದು ಬಿಡಿಸು, ಎದೆಯ ಮಾಂಸ ಎಳೆ, ಮುಂದಿನದು.

"ತಡ್ಕಳಕ್ಕಾಗ್ತಿಲ್ಲ ಸಾರ್."

"ಹಂಗಾದ್ರೆ ನಿಮ್ ಗ್ಯಾಡ್ಸನ್ನ ಹೋಗಿ ಕೇಳು. ಕಾನೂನು ಮಾಡ್ಸಿ ಕೊಡ್ತೀನಿ ಅಂದಿದ್ನಲ್ಲ!"

ಸಾಲಿನಲ್ಲಿ ಇಬ್ಬರು ನಕ್ಕರು. ನಗದೆ ಇನ್ನೇನು ಮಾಡುತ್ತಾರೆ, ಅವರೂ ಉಚ್ಚೆ ತಡೆದುಕೊಂಡೇ ನಿಂತಿದ್ದರು.

ವೆಂಡೆಲ್ ಗ್ಯಾಡ್ಸನ್ ನಮ್ಮವನೇ. ನಮ್ಮದೇ ಕಪ್ಪು ಬಣ್ಣ, ನಮ್ಮ ಚರ್ಚು. ಅವನ ತಾಯಿ ಇದೇ ಫ್ಯಾಕ್ಟರಿಯಲ್ಲಿ ಕರುಳು ಕಿತ್ತವಳು. ಅವನು ಮೊದಲ ಸಲ ರಾಜ್ಯದ ಶಾಸನಸಭೆಗೆ ನಿಂತಾಗ ನನ್ನವ್ವ ಆರ್ಲೀತಾ ಅಂಗಳದಲ್ಲಿ ದೊಡ್ಡ ಬಾಣಲೆ ಇಟ್ಟು ಮೀನು ಕರಿದಳು. ತಿಂದವರನ್ನೆಲ್ಲ ಚರ್ಚಿನ ಬಸ್ಸಿಗೆ ಹತ್ತಿಸಿ ಓಟು ಹಾಕಿಸಿದಳು. ಗೆದ್ದ ರಾತ್ರಿ ಅವನು ಅವಳ ಕೈ ಹಿಡಿದು ಎಲ್ಲರೆದುರು ಅತ್ತ. ಆಮೇಲೆ ರಾಜಧಾನಿ ಅಟ್ಲಾಂಟಾಗೆ ಹೋದ. ಹೋದವನು ಸುಮ್ಮನಿರಲಿಲ್ಲ, ನಮಗೆ ಗೌರವ ಪತ್ರಗಳನ್ನು ತರುತ್ತಿದ್ದ. ಯಾರಿಗೋ ನೂರು ವರ್ಷ ತುಂಬಿದರೆ ಒಂದು, ಶಾಲೆಯ ಹುಡುಗರು ಆಟದಲ್ಲಿ ಗೆದ್ದರೆ ಒಂದು, ಪಾದ್ರಿ ನಿವೃತ್ತನಾದರೆ ಇನ್ನೊಂದು. ಚಿನ್ನದ ಬಣ್ಣದ ಮೊಹರು, ಗಾಜು, ಚೌಕಟ್ಟು. ನಮ್ಮ ಕಡೆ ಸೂರು ಸೋರುವ ಮನೆಗಳಲ್ಲೂ ಗೋಡೆಗೊಬ್ಬ ಗ್ಯಾಡ್ಸನ್ ಇದ್ದಾನೆ.

ಕೋಳಿ ಸಾಲಿನವರು ಕೇಳಿದಾಗ ಕಕ್ಕಸಿಗೆ ಬಿಡಬೇಕು ಅನ್ನುವ ಮಸೂದೆಯೂ ಅವನದೇ. ಓಟಿಗೆ ಬಂದ ದಿನ ಅದು ಒಂದೇ ಓಟು ಕಡಿಮೆಯಾಗಿ ಬಿದ್ದುಹೋಯಿತು. ಆ ಒಂದು ಓಟು ಯಾರದು? ಅವನದೇ. ಕುರ್ಚಿಯಲ್ಲಿ ಆಸಾಮಿ ಇರಲೇ ಇಲ್ಲ.

"ಫೋನ್ ಬಂತು ಕಣವ್ವ, ಒಂದ್ ಗಳಿಗೆ ಆಚೆ ಹೋಗಿದ್ದೆ," ಎಂದ, ನಮ್ಮ ಅಡುಗೆಮನೆಯಲ್ಲಿ ಕೂತು ಅವ್ವ ಮಾಡಿದ ಜೋಳದ ರೊಟ್ಟಿ ಮುರಿಯುತ್ತ.

"ಸರಿಯಾಗಿ ಅಷ್ಟೊತ್ತಿಗೇ ನಿಂಗೂ ಉಚ್ಚೆ ಬಂತೇನ್ಲಾ?" ಅವ್ವ ಕೇಳಿದಳು. "ನಿನ್ನ ಯಾರೂ ತಡೀನಿಲ್ಲ ಅಲ್ವ?"

ಅವನು ರೊಟ್ಟಿ ಕೆಳಗಿಟ್ಟ. ಆಮೇಲೆ ಮತ್ತೆ ಎತ್ತಿಕೊಂಡು ತಿಂದ.

ಹೋದ ಚುನಾವಣೆಯಲ್ಲಿ ಅಟ್ಲಾಂಟಾ ಬಿಟ್ಟು ಇಲ್ಲೇ ನಮ್ಮ ಜಿಲ್ಲೆ ನಡೆಸುವ ಕೌಂಟಿ ಕಮಿಷನರ್ ಸ್ಥಾನಕ್ಕೆ ನಿಂತ. ದೊಡ್ಡ ಸಭೆ ಬಿಟ್ಟು ಚಿಕ್ಕದಕ್ಕೆ ಯಾಕೆ ಇಳಿದೆ ಅಂದರೆ ನಗುತ್ತಿದ್ದ. "ಅಲ್ಲಿ ನೂರೆಂಬತ್ತು ಜನದ ಮಧ್ಯ ಅರಚ್ಬೇಕು ಕಣ್ರಪ್ಪ. ಇಲ್ಲಿ ಇರಾದೇ ಐದು ಜನ. ನಾನು ಕೆಮ್ಮಿದ್ರೂ ಒಂದು ರಸ್ತೆ ಆಯ್ತದೆ." ಅದು ಸುಳ್ಳಲ್ಲ. ರಸ್ತೆ, ಜೈಲು, ಕಸ, ಆಂಬುಲೆನ್ಸು ಎಲ್ಲ ಆ ಐವರ ಕೈಯಲ್ಲಿ. ಅಷ್ಟು ಹೊತ್ತಿಗೆ ಅವ್ವನ ಎರಡೂ ಕಿಡ್ನಿ ಹೋಗಿದ್ದವು, ವಾರಕ್ಕೆ ಮೂರು ಸಲ ಡಯಾಲಿಸಿಸ್. ಅವಳ ಬಾಗಿಲ ತನಕ ಟಾರು ಹಾಕಿಸುತ್ತೇನೆ ಅಂದ. ಅವ್ವ ಗೋಡೆ ಹಿಡಿದು ಎದ್ದು ಮತ್ತೆ ಮೀನು ಕರಿದಳು.

"ಮತ್ಯಾಕವ್ವ ಇವ್ನಿಗೆ?" ಎಂದೆ.

"ಬ್ಯಾರೆ ಯಾರವ್ರೆ, ಹೇಳು?"

ಕೆಮ್ಮಿದ. ರಸ್ತೆ ಆಯಿತು. ಹೆದ್ದಾರಿಯಿಂದ ಹಾವಿನ ಹಾಗೆ ನುಣ್ಣಗೆ ಹೊರಟ ಟಾರು ಕೋಳಿ ಕಂಪನಿಯ ಹೊಸ ಮೇವಿನ ಗಿರಣಿಯ ಗೇಟಿನವರೆಗೆ ಬಂದು, ಚಾಕುವಿನಲ್ಲಿ ಕೊಯ್ದ ಹಾಗೆ ನಿಂತುಬಿಟ್ಟಿತು. ಅಲ್ಲಿಂದಾಚೆ ಕೆಮ್ಮಣ್ಣು. ಕೆಮ್ಮಣ್ಣಿನಾಚೆ ನಮ್ಮ ಏಳು ಮನೆ.

ನಾನು ಕಮಿಷನರ್‌ಗಳ ಸಭೆಗೆ ಹೋದೆ. ಜನ ಮಾತಾಡಲು ಮೂರು ನಿಮಿಷ ಕೊಡುತ್ತಾರೆ. ಕೋಳಿ ವಾಸನೆ ಹೋಗಲೆಂದು ಎರಡು ಸಲ ಸ್ನಾನ ಮಾಡಿದ್ದೆ, ಆದರೂ ಮುಂದಿನ ಸಾಲಿನ ಹೆಂಗಸು ಕುರ್ಚಿ ಬದಲಾಯಿಸಿದಳು.

"ಆಸ್ಪತ್ರೆ ವ್ಯಾನು ಟಾರು ಬಿಟ್ಟು ಕೆಳಗಿಳಿಯಾಕಿಲ್ಲ," ಎಂದೆ. "ಮಳೆ ಬಂದ್ರೆ ನಮ್ಮವ್ವನ್ನ ಕುರ್ಚಿ ಮ್ಯಾಲೆ ಕೂರಿಸ್ಕೊಂಡು ಹೊರ್ತೀವಿ. ಮಳೆ ನಿಂತ್ರೂ ವಾರಗಟ್ಲೆ ಹೊರ್ತೀವಿ."

ನಡುವೆ ಕೂತಿದ್ದ ಬಿಳಿಯ ಕಮಿಷನರ್ ಕಾಗದದಿಂದ ತಲೆ ಎತ್ತದೆ ಕೇಳಿದ. "ಆ ಕಡೆ ಎಷ್ಟು ಮನೆ ಇವೆ?"

"ಏಳು."

"ಏಳು ಮನೆಗೆ ಟಾರಾ?" ಪಕ್ಕದವನ ಕಡೆ ತಿರುಗಿದ. "ಇವರು ಇನ್ನು ಕಾರಂಜಿನೂ ಕೇಳ್ತಾರೆ."

ಎಲ್ಲರೂ ಸಣ್ಣಗೆ ನಕ್ಕರು. ಗ್ಯಾಡ್ಸನ್ ನಗಲಿಲ್ಲ, ಕನ್ನಡಕ ತೆಗೆದು ಒರೆಸಿದ. "ನೋಡಿ, ಅದು ಎರಡನೇ ಹಂತದಲ್ಲಿದೆ. ಅಧ್ಯಯನ ಆಗಬೇಕು. ನಿಮ್ಮ ತಾಯಿಯವರ ಬಗ್ಗೆ ನನಗೆ ಅಪಾರ ಗೌರವವಿದೆ."

"ಮದಲ್ನೇ ಹಂತ ಗಿರಣಿ ಗೇಟಿಗೇ ಯಾಕ್ ನಿಂತ್ಕತು, ವೆಂಡೆಲ್ ಮಾವ?"

ಮೂರು ನಿಮಿಷದ ಗಂಟೆ ಹೊಡೆಯಿತು. ಮೈಕು ಸತ್ತಿತು. ನನ್ನ ಬಾಯಿ ಇನ್ನೂ ಆಡುತ್ತಿತ್ತು, ನನಗೇ ಕೇಳುತ್ತಿರಲಿಲ್ಲ. ಮುಂದಿನ ವಿಷಯವನ್ನು ಓದಿದರು. ಶಾಸನಸಭೆಯಲ್ಲೂ ಕೌಂಟಿಯಲ್ಲೂ ಮಾಡಿದ ಸೇವೆಗಾಗಿ ಈ ಹೊಸ ರಸ್ತೆಗೆ ವೆಂಡೆಲ್ ಗ್ಯಾಡ್ಸನ್ ಅವರ ಹೆಸರಿಡುವುದು. ಒಪ್ಪಿದವರು ಕೈ ಎತ್ತಿ. ನಾಲ್ಕು ಕೈ ಎದ್ದವು. ಆಮೇಲೆ, ನಾಚಿಕೊಳ್ಳುತ್ತ, ಐದನೆಯದು.

ಪಾರ್ಕಿಂಗಿನಲ್ಲಿ ನನ್ನ ಹಿಂದೆ ಓಡಿ ಬಂದ. ಅಲ್ಲಿ ಯಾರೂ ಇರಲಿಲ್ಲ, ಅವನ ಮಾತು ನಮ್ಮ ಕಡೆಯದಾಯಿತು.

"ಎಲ್ರೆದುರಿಗೆ ಮಾನ ಕಳೀತೀಯಲ್ಲೇ ಟಮೀಕಾ! ಆ ನಾಲ್ಕು ಬೋಳಿಮಕ್ಳ ಮಧ್ಯ ನಾನೊಬ್ನೇ ಕೂತಿವ್ನಿ. ರಸ್ತೇನ ಅಲ್ಲಿಗಂಟ ತಂದಿದ್ದೇ ದೊಡ್ಡದು, ಗೊತ್ತಾ ನಿಂಗೆ?"

"ಅಟ್ಲಾಂಟದಲ್ಲೂ ಒಬ್ನೇ ಅಂತಿದ್ರಿ."

"ಬಾಯಿ ಬಂದದೆ ನಿಂಗೆ."

"ನೀವೇ ಕಲ್ಸಿದ್ದು. ಕೇಳ್ಬೇಕು, ಕೇಳ್ಬೇಕು ಅಂತ ಮೀನು ತಿನ್ಕಂಡು ಭಾಷಣ ಮಾಡ್ತಿದ್ರಲ್ಲ."

ಅವನು ಬೆವರು ಒರೆಸಿಕೊಂಡು ತನ್ನ ಕಾರಿನ ಕಡೆ ನಡೆದ.

ಬುಧವಾರ ಕುರ್ಚಿ ಹೊರುವಾಗ ತಮ್ಮ ಲವಾನ್ ಜಾರಿದ. ಅವ್ವ ಕುರ್ಚಿಯಿಂದ ಉರುಳಿ ಕೆಸರಿಗೆ ಬಿದ್ದಳು. ಲಂಗ ಮೇಲಕ್ಕೆ ಸರಿದಿತ್ತು, ಊದಿದ ಕಾಲುಗಳು ತೊಡೆಯ ತನಕ ಕಾಣುತ್ತಿದ್ದವು. ಗಿರಣಿ ಗೇಟಿನಲ್ಲಿ ಸಾಲಾಗಿ ನಿಂತ ಲಾರಿಗಳ ಡ್ರೈವರೊಬ್ಬ ಹಾರನ್ ಒತ್ತಿದ. ಇನ್ನೊಬ್ಬ ಫೋನು ಎತ್ತಿ ಫೋಟೊ ಹೊಡೆದ. ವ್ಯಾನ್ ಓಡಿಸುವ ಹೇಝಲ್ ಟಾರಿನ ಅಂಚಿನಲ್ಲಿ ನಿಂತು ಕೈ ಹಿಸುಕಿಕೊಳ್ಳುತ್ತಿದ್ದಳು. "ಒಂದ್ ಚಕ್ರ ಇಳಿಸಿದ್ರೂ ನನ್ ಕೆಲ್ಸ ಹೋಯ್ತದೆ ಕಣ್ರೋ, ಎತ್ಕೊಂಡ್ ಬನ್ರೋ!"

ಅವ್ವ ಆ ಕೆಸರು ಮೈಯಲ್ಲೇ ಡಯಾಲಿಸಿಸ್ ಕುರ್ಚಿಯಲ್ಲಿ ಕೂತು ಬಂದಳು. ಮನೆಗೆ ಬಂದವಳು ಗೋಡೆ ಕಡೆ ಮುಖ ಮಾಡಿ ಮಲಗಿದಳು.

"ಇನ್ನ ನಾನು ಹೋಗಾಕಿಲ್ಲ."

"ಹೋಗ್ದಿದ್ರೆ ಶ್ವಾಸಕೋಶಕ್ಕೆ ನೀರು ತುಂಬ್ಕತದೆ ಅಂದವ್ರೆ ಡಾಕ್ಟ್ರು. ಸತ್ತೋಯ್ತೀಯ ಅವ್ವ."

"ಹಂದಿ ಹೊತ್ತಂಗೆ ಹೊತ್ಕಂಡೋಗಿ ನನ್ನ ಬದುಕ್ಸಬ್ಯಾಡಿ. ವ್ಯಾನು ನನ್ ಬಾಗ್ಲಿಗೆ ಬರ್ಲಿ, ಹತ್ತೀನಿ. ಬರ್ದಿದ್ರೆ ಬ್ಯಾಡ."

ಲವಾನ್ ಅವಳ ಕಾಲು ಒತ್ತುತ್ತ ಅತ್ತ. ಇಪ್ಪತ್ನಾಲ್ಕರ ಗಂಡಸು, ಮೂಗು ಸುರಿಸಿಕೊಂಡು ಅತ್ತ. ಕೊನೆಗೆ ಅವ್ವನೇ, "ಶುಕ್ರವಾರ ಒಂದಿನ ಬತ್ತೀನಿ," ಎಂದಳು. "ರಸ್ತೆಗೆ ತನ್ ಹೆಸ್ರಿನ ಬೋರ್ಡು ಹಾಕಾಕೆ ವೆಂಡೆಲ್ಲು ಬತ್ತಾವ್ನಂತಲ್ಲ, ನೋಡ್ಬೇಕು."

ಶುಕ್ರವಾರ ಕುರ್ಚಿ ಹೊತ್ತು ಟಾರಿನ ಅಂಚಿಗೆ ಬರುವ ಹೊತ್ತಿಗೆ ಅಲ್ಲಿ ಶಾಮಿಯಾನ, ಶಾಲೆಯ ಬ್ಯಾಂಡು, ಕ್ಯಾಮರಾ, ಬಟ್ಟೆ ಮುಚ್ಚಿದ ಬೋರ್ಡು. ಟಾರು ಮುಗಿಯುವ ಕಡೆ ರಸ್ತೆಗೆ ಅಡ್ಡಲಾಗಿ ಕೆಂಪು ಟೇಪು. ಟೇಪಿನ ಆ ಕಡೆ ನಮ್ಮ ವ್ಯಾನು.

"ಕತ್ತರಿಸೋವರೆಗೂ ಯಾರೂ ದಾಟಂಗಿಲ್ಲ," ಎಂದ ಪೊಲೀಸಿನವನು.

"ಆಸ್ಪತ್ರೆಗೆ ಹೊತ್ತಾಯ್ತದೆ ಸಾರ್," ಎಂದ ಲವಾನ್.

"ಕಿವಿ ಕೇಳಲ್ವಾ? ಇಳ್ಸು ಕೆಳಗೆ."

ಕೆಸರಿನಲ್ಲಿ ಕುರ್ಚಿ ಇಳಿಸಿದೆವು. ಪಾದ್ರಿ ಪ್ರಾರ್ಥನೆ ಮಾಡಿದ. ಗಿರಣಿಯ ಮ್ಯಾನೇಜರ್ ಮಾತಾಡಿದ. ಕೋಳಿ ಸಾಲಿನ ಮಗ ಶಾಸನಸಭೆ ಹತ್ತಿದ್ದು, ಅಲ್ಲಿಂದ ತನ್ನ ಜನರಿಗಾಗಿಯೇ ಇಳಿದು ಬಂದದ್ದು, ಎಲ್ಲವನ್ನೂ ಒಬ್ಬಳು ಓದಿದಳು. ಬಟ್ಟೆ ಎಳೆದರು. ಹಸಿರು ಬೋರ್ಡಿನ ಮೇಲೆ ಅವನ ಹೆಸರು. ಆಗ ಗ್ಯಾಡ್ಸನ್ ನಮ್ಮನ್ನು ನೋಡಿದ. ಕ್ಯಾಮರಾಗಳೂ ನೋಡಿದವು. ಹದಿನಾರು ವರ್ಷ ಸುಮ್ಮನೆ ಶಾಸಕನಾಗಿರಲಿಲ್ಲ ಅವನು, ಎರಡೇ ಹೆಜ್ಜೆಗೆ ಬಂದ.

"ನನ್ನನ್ನು ಗೆಲ್ಲಿಸಿದ ತಾಯಿ ಇಲ್ಲೇ ಇದ್ದಾರೆ! ಈ ಟೇಪನ್ನು ಅವರ ಕೈಯಿಂದಲೇ ಕತ್ತರಿಸೋಣ!"

ನನ್ನ ತೋಳುದ್ದ ಇತ್ತು ಆ ಕತ್ತರಿ. ಟೇಪಿನ ಮೇಲಿಂದ ಬಗ್ಗಿ ಅದನ್ನು ಅವ್ವನ ಮಡಿಲಲ್ಲಿಟ್ಟ. ಚಪ್ಪಾಳೆ ಬಿತ್ತು. ಮೆಲ್ಲಗೆ ನಮ್ಮ ಮಾತಿಗೆ ಇಳಿದ. "ಕತ್ತರ್ಸವ್ವ ಆರ್ಲೀತವ್ವ, ನಗ್ತಾ ಕತ್ತರ್ಸು. ನಿನ್ ವ್ಯಾನೂ ಈ ಕಡೇನೇ ಅದೆ."

ಅವ್ವ ಟೇಪು ನೋಡಿದಳು. ಬೋರ್ಡು ನೋಡಿದಳು. ಟಾರಿನ ಅಂಚಿಗೆ ನಿಂತ ಅವನ ಮಿರಿಮಿರಿ ಬೂಟು ನೋಡಿದಳು.

"ಇದ್ಯಾಕಪ್ಪ ಇಲ್ಲಿ ಕಟ್ಟಿದ್ದೀಯ?"

"ರಸ್ತೆ ಮುಗಿಯಾ ಕಡೆ ಕಟ್ಟಾದು ಕಣವ್ವ."

"ಮುಗೀತಾ ರಸ್ತೆ? ಹಂಗಾದ್ರೆ ನಾನು ಬಂದಿದ್ದು ಯಾವುದ್ರ ಮ್ಯಾಲೆ?"

ಬ್ಯಾಂಡಿನ ಹುಡುಗಿಯೊಬ್ಬಳು ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡಳು. ಅವ್ವ ಕತ್ತರಿಯನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಳು.

"ಲವಾನಾ, ಎತ್ಲಾ. ಮನೆ ಕಡೆ ತಿರುಗ್ಸು."

"ಅವ್ವ, ವ್ಯಾನು..."

"ಎತ್ತು ಅಂದೆ."

ಎತ್ತಿದೆವು. ತಿರುಗಿಸಿದೆವು. ಹಿಂದಿನಿಂದ ಗ್ಯಾಡ್ಸನ್ ಕೂಗಿದ, "ಕತ್ರಿ! ಕತ್ರಿ ಕೊಟ್ಟೋಗವ್ವ!"

"ಟೇಪು ತಗಂಬಂದು ನನ್ ಬಾಗ್ಲಲ್ಲಿ ಕಟ್ಲಾ, ಕತ್ತರಿಸ್ತೀನಿ," ಎಂದಳು ಅವ್ವ. ದನಿ ಎತ್ತರಿಸಿರಲಿಲ್ಲ, ಆದರೂ ಮೈಕಿಗೆ ಕೇಳಿತು.

ಹೇಝಲ್ ಹಾರನ್ ಮೇಲೆ ಹಾರನ್ ಹೊಡೆಯುತ್ತಿದ್ದಳು. "ಆರ್ಲೀತಾ! ನಿನ್ ಜಾಗ ಬ್ಯಾರೆಯವ್ರಿಗೆ ಕೊಟ್ಬಿಡ್ತಾರೆ, ಬಾರೆ ತಾಯಿ!" ಪೊಲೀಸಿನವನು ಒಂದು ಕಾಲು ಕೆಸರಿಗಿಟ್ಟು, ಪಿಂಡಿಯ ತನಕ ಹೂತು, ಬೈದುಕೊಳ್ಳುತ್ತ ಕಿತ್ತುಕೊಂಡ. ಯಾರೋ ನಕ್ಕರು. ಗ್ಯಾಡ್ಸನ್ ಒಬ್ಬನೇ ಟೇಪು ಹಿಡಿದುಕೊಂಡು ನಿಂತಿದ್ದ.

"ಸತ್ತೋಯ್ತೀಯ ಕಣವ್ವೋ!" ಎಂದು ಅರಚಿದ. ಆ ದನಿಯಲ್ಲಿ ಭಾಷಣ ಇರಲಿಲ್ಲ.

ಅವ್ವನ ಉಸಿರು ಆಗಲೇ ಗೊರಗೊರ ಅನ್ನುತ್ತಿತ್ತು. ಕುರ್ಚಿಯ ಕಾಲಿನ ಮೂಲಕ ನನ್ನ ಕೈಗೂ ಅದು ತಾಗುತ್ತಿತ್ತು.

"ಅಕ್ಕ, ತಿರುಗ್ಸನಾ?" ಲವಾನ್ ಪಿಸುಗುಟ್ಟಿದ. "ಹೇಳಕ್ಕ, ತಿರುಗ್ಸನಾ?"

ಕೆಸರಿನಿಂದ ಒಂದು ಕಾಲು ಕಿತ್ತು ಮುಂದಿಟ್ಟೆ, ಇನ್ನೊಂದು ಕಿತ್ತೆ. ಹಿಂದೆ ಕೆಸರಿನಲ್ಲಿ ಯಾರದೋ ಬೂಟು ಪಚಕ್ಕೆಂದಿತು. ಮತ್ತೊಂದು ಸಲ ಪಚಕ್ಕೆಂದಿತು, ಅವ್ವೋ ಅನ್ನುವ ದನಿ ಹತ್ತಿರವಾಯಿತು.

"ತಿರುಗಿ ನೋಡ್ಬ್ಯಾಡಿ," ಎಂದಳು ಅವ್ವ. "ನಡೀರಿ."