ಒಂದು ವರ್ಷ ತಡವಾಗಿ ಹೋದ ಸೌಮ್ಯ

ರಸ್ತೆಗೆ ಟಾರು ಹಾಕಿ ಒಂದು ವಾರ ಆಗಿರುವುದಿಲ್ಲ, ಪೈಪು ಹಾಕಲು ಅದನ್ನೇ ಅಗೆಯುತ್ತಾರೆ. ಕೋಣೆಗೆ ಬಣ್ಣ ಬಳಿದ ಮೇಲೆ ವೈರು ಎಳೆಯಲು ಗೋಡೆ ಒಡೆಯುತ್ತಾರೆ. ಇಂಥದ್ದನ್ನು ನಾವೆಲ್ಲ ಕಂಡಿದ್ದೇವೆ, ಬೈದುಕೊಂಡಿದ್ದೇವೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವ ದಿನ ಯಾರು ಬರಬೇಕು, ಇದನ್ನೆಲ್ಲ ಮುಂಚೆಯೇ ಕೂತು ಯೋಚಿಸಿ ನಡೆಸುವುದೂ ಒಂದು ವಿದ್ಯೆ. ಅದಕ್ಕೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅನ್ನುತ್ತಾರೆ. ಚನ್ನಪಟ್ಟಣದ ಹತ್ತಿರ ಹೊಂಗನೂರಿನ ಸೌಮ್ಯ ಅದನ್ನು ಕಲಿಯಲು ಇಂಗ್ಲೆಂಡಿಗೆ ಹೋಗಿಬಂದಳು. ಹೇಗೆ ಹೋದಳು, ಹೋಗುವ ಮೊದಲು ಏನಾಯಿತು ಅನ್ನುವುದನ್ನು ಹೇಳುತ್ತೇನೆ, ಕೇಳಿ.

ಸೌಮ್ಯಳ ಅಪ್ಪ ದಾಸಪ್ಪ, ಅವ್ವ ಮಾಯಮ್ಮ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಮಗಳನ್ನು ಇಂಜಿನಿಯರಿಂಗ್ ಓದಿಸಿದ್ದರು. ಆಗ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ದಿನಕ್ಕೊಂದು ಶೆಡ್ಡು ಏಳುತ್ತಿದ್ದ ಕಾಲ. ಸೌಮ್ಯ ಅಲ್ಲಿ ಕಾರ್ಖಾನೆ ಕಟ್ಟುವ ಕಂಟ್ರಾಕ್ಟರ್ ಹತ್ತಿರ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ವಾರವೆಲ್ಲ ಕನಕಪುರದ ರೂಮಿನಲ್ಲಿ ಇದ್ದು ಶನಿವಾರ ಸಂಜೆ ಊರಿಗೆ ಬರುತ್ತಿದ್ದಳು.

೨೦೦೬ರ ಒಂದು ಶನಿವಾರ ಅವಳು ಬಂದವಳೇ ಹೇಳಿದಳು: “ಅವ್ವ, ನಾನು ಇನ್ನೂ ಓದ್ಬೇಕು. ನಿನ್ನೆ ಸೈಟಿಗೆ ದೊಡ್ಡ ಮಿಶನ್ ಬಂದ್ಬುಡ್ತು. ಅದನ್ನ ನಿಲ್ಸೋ ಕಟ್ಟೆಗೆ ಇನ್ನೂ ಕಾಂಕ್ರೀಟೇ ಹಾಕಿಲ್ಲ. ಮಳೇಲಿ ನೆನೀತಾ ನಿಂತೈತೆ. ಇಂಗಾಗದಂಗೆ ನಡೆಸೋದನ್ನ ಹೇಳ್ಕೊಡೋ ಓದು ಇಂಗ್ಲೆಂಡಲ್ಲಿ ಐತಂತೆ. ಒಂದೇ ವರ್ಷ.”

“ಅದ ಕಲಿಯಾಕೆ ಅಷ್ಟು ದೂರ ಓಗ್ಬೇಕೇನವ್ವ?” ಎಂದಳು ಮಾಯಮ್ಮ. “ಹುಳ ಹಣ್ಣಾಗೋಕೆ ಮುಂಚೆನೇ ಗೂಡು ಕಟ್ಟಾಕೆ ಬಿದಿರಿನ ಚಂದ್ರಿಕೆ ರೆಡಿ ಮಾಡಿ ಇಟ್ಕೊಳ್ಳಲ್ವಾ ನಾವು?”

ಸೌಮ್ಯ ನಕ್ಕಳು. “ಅದೇ ಅವ್ವ ಅದು. ನೀನು ಮನೇಲಿ ಮಾಡೋದನ್ನ ಅಲ್ಲಿ ಇನ್ನೂರು ಜನ ಇಟ್ಕೊಂಡು ಮಾಡ್ಬೇಕು.”

ಅಷ್ಟು ಸಾಕಾಯಿತು. ಮಾಯಮ್ಮನಿಗೆ ಮಗಳ ಓದು ಏನೆಂದು ತಿಳಿಯಿತು. ಆಮೇಲೆ ಅವಳು ಒಂದು ದಿನವೂ ಬೇಡ ಅನ್ನಲಿಲ್ಲ.

ಅದೇ ತಿಂಗಳು ಕನಕಪುರದ ಒಂದು ಕಲ್ಯಾಣ ಮಂಟಪದಲ್ಲಿ “ಫಾರಿನ್ ಓದು” ಎಂದು ಬ್ಯಾನರ್ ಕಟ್ಟಿ ಬೆಂಗಳೂರಿನ ಏಜೆಂಟ್ ಒಬ್ಬ ಬಂದ. ದಾಸಪ್ಪ ಮಗಳ ಜೊತೆ ಹೋದ. ಏಜೆಂಟ್ ಕುರ್ಚಿ ಕೊಟ್ಟು ಕೂರಿಸಿದ, ಕಾಫಿ ತರಿಸಿದ, ಬಣ್ಣಬಣ್ಣದ ಪುಸ್ತಕ ಕೈಗೆ ಕೊಟ್ಟ. ಅದರ ಮೇಲೆ ದೊಡ್ಡ ವಿಶ್ವವಿದ್ಯಾಲಯವೊಂದರ ಹೆಸರಿತ್ತು.

“ಅಂಕಲ್, ಸೀಟು ಗ್ಯಾರಂಟಿ, ವೀಸಾ ಗ್ಯಾರಂಟಿ. ಒರಿಜಿನಲ್ ಮಾರ್ಕ್ಸ್ ಕಾರ್ಡು, ಡಿಗ್ರಿ ಸರ್ಟಿಫಿಕೇಟು ಕೊಟ್ಟು ಹೋಗಿ. ಮಿಕ್ಕಿದ್ದು ನಮಗೆ ಬಿಡಿ,” ಎಂದ.

ಅಪ್ಪ ಮಗಳು ಎಲ್ಲವನ್ನೂ ಕೊಟ್ಟು ಬಂದರು. ರಶೀದಿ ಕೇಳಲು ಇಬ್ಬರಿಗೂ ಸಂಕೋಚ.

ಹದಿನೈದು ದಿನಕ್ಕೆ ಏಜೆಂಟ್ ಫೋನ್ ಮಾಡಿದ. “ಎರಡು ವರ್ಷದ ಅನುಭವ ಸಾಲಲ್ಲ ಮೇಡಂ. ಐದು ವರ್ಷ ಅಂತ ಲೆಟರ್ ನಾವೇ ಮಾಡಿಸ್ತೀವಿ. ಈಮೇಲಲ್ಲಿ ಫಾರಂ ಕಳಿಸ್ತೀನಿ. ಪ್ರಿಂಟ್ ತೆಗೆದು ಸೈನ್ ಹಾಕಿ ಸಾಕು.”

ಸೌಮ್ಯ ಆ ಭಾನುವಾರ ಪ್ರಿಂಟ್ ತೆಗೆಸಲು ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಹತ್ತಿರದ ಇಂಟರ್ನೆಟ್ ಸೆಂಟರಿಗೆ ಹೋದಳು. ಅದನ್ನು ನಡೆಸುತ್ತಿದ್ದವಳು ಮುನ್ನೀ. ಇಬ್ಬರೂ ಪಿಯುಸಿಯಲ್ಲಿ ಒಂದೇ ಬೆಂಚು. ಪಿಯುಸಿ ಮುಗಿದ ಕೂಡಲೇ ಮದುವೆಯಾಗಿ ಮುನ್ನೀಯ ಓದು ಅಲ್ಲಿಗೇ ನಿಂತಿತ್ತು. ಆದರೆ ದಿನವಿಡೀ ಹತ್ತಾರು ಜನರ ಅರ್ಜಿ ತುಂಬಿ ತುಂಬಿ ಅವಳಿಗೆ ತಿಳಿಯದ ಫಾರಮ್ಮು ಇರಲಿಲ್ಲ.

ಪ್ರಿಂಟಾಗಿ ಬಂದ ಹಾಳೆಯನ್ನು ಮುನ್ನೀ ಓದಿದಳು. “ಸೌಮ್ಯ, ಐದು ವರ್ಷದ ಹಿಂದೆ ನೀನು ಕಾಲೇಜಲ್ಲಿದ್ದೆ ಕಣೇ. ಇದೇನಿದು?”

“ಎಲ್ಲಾರೂ ಇಂಗೇ ಮಾಡ್ತಾರಂತೆ.”

“ನನ್ನ ತಮ್ಮ ಗಫಾರ್‌ಗೂ ಇಂಗೇ ಹೇಳಿದ್ರು,” ಎಂದಳು ಮುನ್ನೀ. “ಎಲೆಕ್ಟ್ರಿಷಿಯನ್ ಕೆಲಸ ಅಂತ ಕೊಲ್ಲಿ ದೇಶಕ್ಕೆ ಕಳಿಸಿದ್ರು. ಅಲ್ಲಿ ಹೋಗಿ ನೋಡಿದ್ರೆ ಅವನು ಸೈನ್ ಹಾಕಿದ್ದ ಕಾಗದದಲ್ಲಿ ಬೇರೆ ಕೆಲಸಾನೇ ಇತ್ತು. ವಾಪಸ್ ಬರೋಕೆ ಒಂದೂವರೆ ವರ್ಷ ಆಯ್ತು. ನಮ್ಮಮ್ಮ ಆಗ ಹಿಡಿದ ಹಾಸಿಗೆ ಇನ್ನೂ ಬಿಟ್ಟಿಲ್ಲ. ನೀನು ಸೈನ್ ಹಾಕ್ಬೇಡ. ಕೂತ್ಕೋ.”

ಅವಳು ಪುಸ್ತಕದ ಮೇಲೆ ಹೆಸರಿದ್ದ ವಿಶ್ವವಿದ್ಯಾಲಯದ ವೆಬ್‌ಸೈಟನ್ನೇ ತೆಗೆದಳು. ಹೊರದೇಶದ ವಿದ್ಯಾರ್ಥಿಗಳಿಗಾಗಿಯೇ ಅಲ್ಲೊಂದು ಕಚೇರಿ ಇರುವುದು ಕಂಡಿತು. ಇಬ್ಬರೂ ಸೇರಿ ಆರು ಸಾಲಿನ ಪತ್ರ ಟೈಪು ಮಾಡಿದರು: ನನ್ನ ಹೆಸರಿನ ಅರ್ಜಿ ನಿಮಗೆ ಬಂದಿದೆಯೇ? ಈ ಏಜೆಂಟ್ ನಿಮ್ಮವರೇ? ಇವರು ಕೊಟ್ಟ ಪುಸ್ತಕದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬೇರೊಂದು ಕಾಲೇಜಿನ ಹೆಸರಿದೆ, ಅದು ನಿಮ್ಮದೇ?

ಎರಡು ದಿನಕ್ಕೆ ಉತ್ತರ ಬಂತು. ಅರ್ಜಿ ಬಂದಿಲ್ಲ. ಆ ಏಜೆಂಟ್ ಯಾರೋ ಗೊತ್ತಿಲ್ಲ. ನೀವು ಬರೆದ ಆ ಕಾಲೇಜಿಗೂ ನಮಗೂ ಸಂಬಂಧವಿಲ್ಲ. ನೀವೇ ನಮಗೆ ನೇರವಾಗಿ ಅರ್ಜಿ ಹಾಕಬಹುದು. ನಿಮ್ಮ ಎರಡು ವರ್ಷದ ಅನುಭವ ಸಾಕು.

ದಾಸಪ್ಪ ನಂಬಲಿಲ್ಲ. “ಟೈ ಕಟ್ಕೊಂಡು ಕುರ್ಚಿ ಕೊಟ್ಟು ಕೂರ್ಸೋನು ಸುಳ್ಳು ಯೋಳ್ತಾನಾ? ಎಷ್ಟು ಮರ್ವಾದೆಯಿಂದ ಕಾಫಿ ಕೊಟ್ಟ!”

“ಕಾಫಿ ಕೊಟ್ಟೋರೆಲ್ಲ ನೆಂಟ್ರಾ?” ಎಂದಳು ಮಾಯಮ್ಮ. “ನಡೀರಿ, ನನ್ನ ಮಗಳ ಕಾಗದ ಇಸ್ಕೊಂಡು ಬರಾಣ.”

ಮುನ್ನೀಯನ್ನೂ ಕರೆದುಕೊಂಡು ನಾಲ್ವರೂ ಬೆಂಗಳೂರಿನ ಅವನ ಆಫೀಸಿಗೆ ಹೋದರು. ಏಜೆಂಟ್ ಅಂದು ಕಾಫಿ ಕೊಡಲಿಲ್ಲ. “ಸರ್ಟಿಫಿಕೇಟೆಲ್ಲ ಎಂಬೆಸಿಗೆ ಹೋಗಿದೆ. ಮೂರು ತಿಂಗಳಾಗುತ್ತೆ,” ಎಂದ.

“ಕೊಟ್ಟಿದ್ದಕ್ಕೆ ರಶೀದಿ ಇರ್ಬೇಕಲ್ಲ ಸಾರ್, ತೋರ್ಸಿ,” ಎಂದಳು ಮುನ್ನೀ. ಅವಳ ಕೈಯಲ್ಲಿ ಪೊಲೀಸ್ ಠಾಣೆಗೆ ಬರೆದ ದೂರು ಪ್ರಿಂಟಾಗಿ ಸಿದ್ಧವಿತ್ತು. ಅದನ್ನು ಮೇಜಿನ ಮೇಲೆ ಇಟ್ಟಳು.

ಮಾಯಮ್ಮ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. “ನಾನು ಬುತ್ತಿ ಕಟ್ಕೊಂಡೇ ಬಂದಿವ್ನಿ ಕಣಪ್ಪ. ಕಾಗದ ಕೊಡೋಗಂಟ ಇಲ್ಲೇ ಕುಂತಿರ್ತೀನಿ,” ಎಂದು ಮುದ್ದೆಯ ಡಬ್ಬಿ ಬಿಚ್ಚಿದಳು. ಸೊಪ್ಪಿನ ಸಾರಿನ ವಾಸನೆ ಏಸಿ ರೂಮನ್ನೆಲ್ಲ ತುಂಬಿತು. ಬೆಂಚಿನ ಮೇಲೆ ಕಾಯುತ್ತಿದ್ದವರು ತಿರುಗಿ ನೋಡಿದರು. ಇಬ್ಬರು ಎದ್ದು “ನಮ್ಮವೂ ಕೊಡಿ” ಎಂದರು.

ಏಜೆಂಟ್ ಬೆವರು ಒರೆಸಿಕೊಂಡು ಬೀರು ತೆಗೆದ. ಎಂಬೆಸಿಗೆ ಹೋಗಿದ್ದ ಸರ್ಟಿಫಿಕೇಟುಗಳು ಅಲ್ಲೇ, ಸೌಮ್ಯ ಕೊಟ್ಟಿದ್ದ ಅದೇ ನೀಲಿ ಕವರಿನಲ್ಲಿದ್ದವು.

ಹೊರಗೆ ಬರುವಾಗ ಬೆಂಚಿನ ಮೇಲಿದ್ದ ಮಾಗಡಿಯ ಹುಡುಗ ಮನೋಹರನಿಗೂ ಮಾಯಮ್ಮ ಹೇಳಿದಳು: “ನೀನೂ ಇಸ್ಕೊಂಡು ಬಾ ಕಣ್ಮಗ. ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ತಾವ ಮುನ್ನೀ ಅಂಗಡಿ ಐತೆ, ಕೇಳು.”

“ನಂಗೆ ವೀಸಾ ಬಂದೈತೆ ಅಮ್ಮ, ಮುಂದಿನ ವಾರ ಹೊರಡ್ತೀನಿ,” ಎಂದು ಅವನು ಹೆಮ್ಮೆಯಿಂದ ನಕ್ಕ.

ಸೌಮ್ಯ ತಾನೇ ಅರ್ಜಿ ಹಾಕಿದಳು. ಆದರೆ ಆ ಓದಿಗೆ ಸೇರಲು ಬರೆಯಬೇಕಾದ ಇಂಗ್ಲಿಷ್ ಪರೀಕ್ಷೆಯಲ್ಲಿ ಅರ್ಧ ಅಂಕ ಕಡಿಮೆ ಬಂತು. ಆ ವರ್ಷದ ಗಡುವು ದಾಟಿತು. ಸೌಮ್ಯ ಮೂಲೆಯಲ್ಲಿ ಕೂತು ಅತ್ತಳು. ದಾಸಪ್ಪನಿಗೆ ತಡೆಯಲಾಗಲಿಲ್ಲ. “ಆ ಏಜೆಂಟ್ ಕೈಲೇ ಬುಟ್ಟಿದ್ರೆ ಇಷ್ಟೊತ್ತಿಗೆ ಲಂಡನ್ನಲ್ಲಿರೋಳು. ಎಲ್ಲಾ ಆ ಮುನ್ನೀ ಮಾತು ಕೇಳಿ ಆಗಿದ್ದು,” ಎಂದುಬಿಟ್ಟ. ಅದು ಮುನ್ನೀಯ ಕಿವಿಗೂ ಬಿತ್ತು. ಆದರೂ ಅವಳು ಭಾನುವಾರ ಭಾನುವಾರ ಅಂಗಡಿ ಮುಚ್ಚಿದ ಮೇಲೆ ಒಂದು ಕಂಪ್ಯೂಟರನ್ನು ಸೌಮ್ಯಳ ಇಂಗ್ಲಿಷ್ ಅಭ್ಯಾಸಕ್ಕೆ ಬಿಟ್ಟುಕೊಟ್ಟಳು.

ಎರಡು ತಿಂಗಳಾದ ಮೇಲೆ ದಾಸಪ್ಪ ಪಹಣಿ ಪ್ರಿಂಟ್ ತೆಗೆಸಲು ಅಲ್ಲಿಗೆ ಹೋಗಿದ್ದ. ಮೂಲೆಯ ಸ್ಟೂಲಿನ ಮೇಲೆ ಮನೋಹರ ಕೂತಿದ್ದ. ಗಡ್ಡ ಬಿಟ್ಟು ಸೊರಗಿದ್ದ.

“ಏನ್ಲಾ ಮಗ, ಓಗ್ಲಿಲ್ವಾ?”

“ಹೋದೆ. ವಿಮಾನ ಇಳಿದಿದ್ದೇ ಅಧಿಕಾರಿ ಆ ಏಜೆಂಟ್ ಮಾಡಿಸಿದ್ದ ಲೆಟರ್ ನೋಡಿ ಕೇಳ್ದ, ಐದು ವರ್ಷ ಯಾವ ಕೆಲಸ ಮಾಡ್ದೆ, ಹೇಳು ಅಂತ. ನಾನು ಕೆಲಸಕ್ಕೇ ಸೇರಿರ್ಲಿಲ್ಲ. ಏನ್ ಹೇಳ್ಲಿ? ಕಾಲೇಜಿಗೆ ಫೋನ್ ಮಾಡಿದ್ರು, ಯಾರೂ ಎತ್ತಲಿಲ್ಲ. ಮುಂದಿನ ವಿಮಾನಕ್ಕೆ ಹತ್ತಿಸಿ ಕಳ್ಸಿದ್ರು. ಊರಿಗೆ ಹೋಗೋಕೆ ಮುಖ ಇಲ್ದೆ ಇಷ್ಟು ದಿನ ಬೆಂಗಳೂರಲ್ಲೇ ಅಲೀತಿದ್ದೆ. ಅಮ್ಮ ಈ ಅಂಗಡಿ ಹೆಸರು ಹೇಳಿದ್ರಲ್ಲ, ಅದು ಗ್ಯಾಪ್ಕ ಬಂತು.”

ದಾಸಪ್ಪ ಹುಡುಗನ ಬೆನ್ನು ಸವರಿದ. ಆಮೇಲೆ ಮುನ್ನೀ ಕಡೆ ತಿರುಗಿದ. “ತಪ್ಪಾಯ್ತು ಕಣವ್ವ. ನೀನು ತಡೀದಿದ್ರೆ ನನ್ನ ಮಗಳೂ ಅಲ್ಲಿ ಇಂಗೇ ನಿಂತ್ಕಬೇಕಾಗಿತ್ತು.”

“ಬಿಡಿ ಅಪ್ಪಾಜಿ. ಇವನು ಬೆಳಗ್ಗೆಯಿಂದ ಏನೂ ತಿಂದಿಲ್ಲ,” ಎಂದಳು ಮುನ್ನೀ.

ದಾಸಪ್ಪ ಹುಡುಗನನ್ನು ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿಸಿದ. ಮಾರನೆಯ ದಿನ ತಾನೇ ಜೊತೆಯಲ್ಲಿ ಹೋಗಿ ಮಾಗಡಿಯಲ್ಲಿ ಅವನ ಅಪ್ಪ ಅಮ್ಮನ ಮುಂದೆ ಬಿಟ್ಟು, “ಬಯ್ಯಬೇಡಿ, ಮೋಸ ಓಗಿರೋನು ಇವನೊಬ್ಬನೇ ಅಲ್ಲ. ಪೊಲೀಸ್ರಿಗೆ ದೂರು ಕೊಡಿ, ನಾನೂ ಬತ್ತೀನಿ,” ಎಂದ.

ಎರಡನೇ ಸಲ ಸೌಮ್ಯಳಿಗೆ ಬೇಕಾದಷ್ಟು ಅಂಕ ಬಂತು. ವಿಶ್ವವಿದ್ಯಾಲಯದ ಪತ್ರ ಬಂತು. ಕಾಗದಗಳೆಲ್ಲ ಸಾಚಾ ಇದ್ದದ್ದರಿಂದ ಬ್ಯಾಂಕಿನವರು ಶಿಕ್ಷಣ ಸಾಲಕ್ಕೆ ತಕರಾರು ಮಾಡಲಿಲ್ಲ. ೨೦೦೭ರ ಸೆಪ್ಟೆಂಬರಿನಲ್ಲಿ ಅವಳು ಹೊರಟಳು.

ವಿಮಾನ ಇಳಿದಾಗ ಅವಳನ್ನೂ ಕೇಳಿದರು: ಏನು ಕೆಲಸ ಮಾಡಿದ್ದೀಯ? ಸೌಮ್ಯ ಹಾರೋಹಳ್ಳಿಯ ಶೆಡ್ಡಿನ ಕಥೆ ಹೇಳಿದಳು. ಮಳೆಯಲ್ಲಿ ನೆನೆದ ಮಿಶನ್ನಿನ ವಿಷಯಕ್ಕೆ ಬಂದಾಗ ಅಧಿಕಾರಿ ನಕ್ಕು ಮುದ್ರೆ ಒತ್ತಿದ. ವಿಶ್ವವಿದ್ಯಾಲಯದ ಕಚೇರಿಯಲ್ಲಿ, ಅವಳ ಪತ್ರಕ್ಕೆ ಉತ್ತರ ಬರೆದಿದ್ದ ಹೆಂಗಸೇ ಎದ್ದು ಬಂದು ಕೈಕುಲುಕಿದಳು. ಚಳಿಗೆ ನಡುಗುತ್ತಿದ್ದವಳಿಗೆ ತನ್ನ ಕೋಟನ್ನೇ ಹೊದಿಸಿದಳು.

ಭಾನುವಾರ ದಾಸಪ್ಪ, ಮಾಯಮ್ಮ ಮುನ್ನೀಯ ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ ಮಗಳ ಮುಖ ನೋಡುತ್ತಿದ್ದರು. “ಒಸಿ ಬಡವಾಗಿದೀಯ” ಎಂದು ಅವ್ವ ಪ್ರತಿ ವಾರವೂ ಹೇಳುತ್ತಿದ್ದಳು.

ವರ್ಷ ಮುಗಿಸಿ ಸೌಮ್ಯ ವಾಪಸು ಬಂದಳು. ಹಾರೋಹಳ್ಳಿಯ ದೊಡ್ಡ ಕೆಲಸವೊಂದನ್ನು ಮೊದಲಿನಿಂದ ಕೊನೆಯವರೆಗೆ ಯೋಜಿಸಿ ನಡೆಸುವ ಹೊಣೆ ಅವಳಿಗೆ ಸಿಕ್ಕಿತು. ಕೆಲಸಕ್ಕೆ ಸೇರುವ ಮೊದಲು ಅವಳು ಅಪ್ಪ ಅವ್ವನ ಜೊತೆ ಚನ್ನಪಟ್ಟಣಕ್ಕೆ ಹೋದಳು. ತಾನು ಅಲ್ಲಿ ಬರೆದ ಪ್ರಬಂಧದ ದಪ್ಪ ಪುಸ್ತಕವನ್ನು ಮುನ್ನೀಯ ಕೈಗಿಟ್ಟಳು. ಕೃತಜ್ಞತೆಯ ಪುಟದಲ್ಲಿ ಅಪ್ಪ ಅವ್ವನ ಹೆಸರಿನ ಕೆಳಗೆ ಒಂದು ಸಾಲಿತ್ತು: “ಚನ್ನಪಟ್ಟಣದ ಮುನ್ನೀಗೆ. ಸೈನ್ ಹಾಕಬೇಡ ಎಂದು ಅವಳು ಹೇಳದಿದ್ದರೆ ನಾನು ಇಲ್ಲಿರುತ್ತಿರಲಿಲ್ಲ.”

ಮುನ್ನೀ ಎರಡು ಸಲ ಓದಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಅಂಗಡಿ ವಿಳಾಸಾನೂ ಹಾಕಿದ್ರೆ ನಾಲ್ಕು ಗಿರಾಕಿ ಬರೋರು ಕಣೇ,” ಎಂದಳು. ಎಲ್ಲರೂ ನಕ್ಕರು. ದಾಸಪ್ಪ ಮಾತ್ರ ನಗಲಿಲ್ಲ. ಮಗಳ ವಯಸ್ಸಿನ ಆ ಹೆಣ್ಣುಮಗಳಿಗೆ ಎರಡೂ ಕೈ ಜೋಡಿಸಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗಳೋ ಮಗನೋ ಹೊರದೇಶಕ್ಕೆ ಓದಲು ಹೊರಟರೆ ಸಂತೋಷದಿಂದ ಕಳಿಸಿ. ಆದರೆ ಅಸಲು ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು ಯಾರ ಕೈಗೂ ಸುಮ್ಮನೆ ಕೊಡಬೇಡಿ. ನಕಲು ಪ್ರತಿ ಕೊಡಿ. ಸೀಟು ನಿಜವೋ ಅಲ್ಲವೋ ಅಂತ ವಿಶ್ವವಿದ್ಯಾಲಯಕ್ಕೇ ಪತ್ರ ಬರೆದು ಕೇಳಿ. ಕೇಳಿದವರಿಗೆ ಅವರು ಉತ್ತರ ಕೊಡುತ್ತಾರೆ. ವೀಸಾ ಕೊಡುವುದು ಆ ದೇಶದ ಸರ್ಕಾರ. ಅದಕ್ಕೆ ಗ್ಯಾರಂಟಿ ಕೊಡುವ ಏಜೆಂಟನ್ನು ಅಲ್ಲಿಗೇ ಬಿಟ್ಟು ಎದ್ದು ಬನ್ನಿ. ಮಾಡದ ಕೆಲಸವನ್ನು ಮಾಡಿದೆ ಎಂದು ಬರೆದ ಹಾಳೆಗೆ ಯಾರು ಹೇಳಿದರೂ ಸೈನ್ ಹಾಕಬೇಡಿ. ಒಂದು ವರ್ಷ ತಡವಾದರೆ ಆಗಲಿ. ಮಕ್ಕಳು ತಲೆಯೆತ್ತಿಕೊಂಡು ಹೋಗಲಿ, ತಲೆಯೆತ್ತಿಕೊಂಡೇ ಬರಲಿ.